ಸೊನ್ನೆ ನಿಮಿಷ ಲೇಟು

ಗಣಿತ ಕಲಿಸುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಸಿಂಧನೂರಿನಿಂದ ಮಸ್ಕಿಯ ಕಾಲೇಜಿಗೆ ದಿನಾ ಲಿಂಗಸುಗೂರು ಬಸ್ಸು ಹತ್ತಿದರೆ ಸಾಕು, ಅದೇ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತದೆ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಯಾವುದೆಂದು ನನಗೂ ಮರೆತಿದೆ.

ಗೇಣಿನ ಲೆಕ್ಕ

ನನ್ನ ಜೊತೆ ಬರುವ ಸಂಖ್ಯಾಶಾಸ್ತ್ರದ ಮೇಡಂ, ಅಡ್ಡಕ್ಕೆ ಬಸ್ಸು ಎಷ್ಟು ನಿಮಿಷ ತಡ, ಎತ್ತರಕ್ಕೆ ಅಷ್ಟು ತಡ ಎಷ್ಟು ದಿನ ಎಂದು ಕಂಬ ಕಂಬವಾಗಿ ಒಂದು ಚಿತ್ರ ಬರೆದಿದ್ದರು, ಕಾಲೇಜಿನ ಪ್ರದರ್ಶನಕ್ಕೆ. ಅತಿಥಿ ಯಾರು? ಬಸ್ ಡಿಪೋದ ಮ್ಯಾನೇಜರ್! ಈ ಸುದ್ದಿಯನ್ನು ಕಂಡಕ್ಟರನ ಕಿವಿಗೆ ಹಾಕಿ ಪುಣ್ಯ ಕಟ್ಟಿಕೊಂಡವನು ನಾನೇ.

“ಮೇಡಮ್ಮಾರ, ಸಾಹೇಬ್ರ ಮುಂದ ನನ್ನ ಮಾನ ತಗೀತೀರೇನ್ರಿ?”

“ಹೆದರಬ್ಯಾಡ್ರಿ. ಅಡ್ಡಕ್ಕ ಲಾಗ್ ಅಳತಿ ಹಾಕೀನಿ, ಹತ್ತು ಪಟ್ಟಾದ್ರ ಒಂದ ಗೇಣು. ಒಂದು ನಿಮಿಷದಿಂದ ಹತ್ತಕ್ಕ ಒಂದು ಗೇಣು, ಹತ್ತರಿಂದ ನೂರಕ್ಕೂ ಒಂದ ಗೇಣು.”

ಕಂಡಕ್ಟರನ ಮುಖ ಅರಳಿತು. “ನೂರು ನಿಮಿಷ ಲೇಟಾದ್ರೂ ಒಂದ ಗೇಣು ಹೆಚ್ಚೇನ್ರಿ? ಹಂಗಾರ ತಡೀರಿ, ಇನ್ನೊಂದು ಚಾ ಕುಡದು ಬರ್ತೀನಿ,” ಎಂದು ಇಳಿದೇ ಹೋದ.

ಫಿಟಿಂಗ್

ಆ ಕಂಬಗಳ ತಲೆ ಸವರಿಕೊಂಡು ಹೋಗುವ ಹಾಗೆ ಒಂದು ಬಾಗಿದ ಗೆರೆ ಕೂಡಿಸಬೇಕು. ಅದಕ್ಕೆ ಫಿಟಿಂಗ್ ಎನ್ನುತ್ತಾರೆ. ಮೇಡಂ ಬಸ್ಸಿನಲ್ಲೇ ಗೆಳತಿಗೆ ಫೋನ್ ಹಚ್ಚಿ ಗೋಳಾಡುತ್ತಿದ್ದರು: “ಫಿಟಿಂಗ ಬರವಲ್ದವ್ವ. ನಡುವ ಬಿಗಿ, ಬಲಕ್ಕ ಸಡಿಲ.”

ಮುಂದಿನ ಸೀಟಿನ ಅಕ್ಕ ತಿರುಗಿದಳು. “ಯಾವ ಟೇಲರ್ ಹೊಲದಾನಬೇ ತಂಗಿ?”

ನಾನು ಸುಮ್ಮನಿರಬಹುದಿತ್ತು. “ನಾನ ರೀ ಅಕ್ಕಾರ,” ಎಂದೆ.

ಮರುದಿನ ಆಕೆ ಹೊಲಿಯಲೆಂದು ಎರಡು ರವಿಕೆ ಬಟ್ಟೆ ತಂದು ನನ್ನ ತೊಡೆಯ ಮೇಲಿಟ್ಟಳು. “ಅಕಿದು ಕೆಡಿಸಿದಂಗ ನಂದೂ ಕೆಡಿಸಿದ್ರ, ನಿನ್ನ ಫಿಟಿಂಗ್ ನಾ ಸರಿ ಮಾಡ್ತೀನಿ!”

ಸೊನ್ನೆ

ಪ್ರದರ್ಶನದ ಹಿಂದಿನ ದಿನ ಬಸ್ಸಿನಲ್ಲಿ ಕಂಡಕ್ಟರ್ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದ. “ಒಂದಿನ ಕರೆಕ್ಟ್ ಟೈಮಿಗೆ ಬಂದಿದ್ನಲ್ಲರೀ, ಸೊನ್ನಿ ನಿಮಿಷ ಲೇಟು? ಆ ದಿನ ಎಲ್ಲದ?”

ಮೇಡಂ ಚಿತ್ರದ ಎಡ ತುದಿಯಲ್ಲಿದ್ದ ಒಂದನೇ ನಿಮಿಷ ತೋರಿಸಿದರು. “ಲಾಗ್ ಅಳತ್ಯಾಗ ಸೊನ್ನಿಗೆ ಜಾಗ ಇಲ್ರಿ.”

“ಇದ್ದದ್ದ ಒಂದು ಚಲೋ ದಿನ! ಅದೂ ಸಾಹೇಬ್ರಿಗೆ ಕಾಣಲಿಲ್ಲಂದ್ರ ನನ್ನ ಗತಿ? ಎಡಕ್ಕ ಒಂದೀಟು ಕಾಗದ ಅಂಟಸ್ರಿ.”

“ಎಷ್ಟು ಅಂಟಿಸಿದ್ರೂ ಮುಟ್ಟಂಗಿಲ್ರಿ. ಒಂದು ಗೇಣು ಹೋದ್ರ ನಿಮಿಷದ ಹತ್ತನೇ ಪಾಲು, ಇನ್ನೊಂದು ಗೇಣಿಗೆ ನೂರನೇ ಪಾಲು...”

“ಜವಳಗೇರಾತನಕ ಅಂಟಿಸಿದ್ರ?”

“ಭೂಮಿ ಸುತ್ತಿ ಬಂದ್ರೂ ಸೊನ್ನಿ ಸಿಗಂಗಿಲ್ಲ.”

ಪಾಪ, ಅವನು ಮಸ್ಕಿ ಬರುವವರೆಗೂ ಚಿತ್ರದ ಎಡ ಅಂಚಿನಾಚೆ ಗೇಣು ಹಾಕುತ್ತಲೇ ಇದ್ದ.

ಮರುದಿನ ರಜೆ ಹಾಕಿ ಬಂದು ಚಿತ್ರದ ಪಕ್ಕದಲ್ಲೇ ನಿಂತುಬಿಟ್ಟ. ಮ್ಯಾನೇಜರ್ ಬಂದರು, ಕಂಬಗಳನ್ನು ನೋಡಿದರು, ಹುಬ್ಬು ಗಂಟಿಕ್ಕಿದರು. “ಏನಪಾ, ಒಂದ ದಿನಾನೂ ಟೈಮಿಗೆ ಬಂದಿಲ್ಲೇನು?”

ಕಂಡಕ್ಟರ್ ಎದೆಯುಬ್ಬಿಸಿ ಎಡಗಡೆಯ ಖಾಲಿ ಗೋಡೆ ತೋರಿಸಿದ. “ಸಾಹೇಬ್ರ, ಕರೆಕ್ಟ್ ಟೈಮು ಆ ಕಡೆ ಅದ. ಭೂಮಿ ಸುತ್ತಿದ್ರೂ ಯಾರಿಗೂ ಸಿಗಂಗಿಲ್ಲಂತ, ಮೇಡಮ್ಮಾರ್ನ ಕೇಳ್ರಿ. ಅಲ್ಲಿಗೆ ನಾ ಒಂದಿನ ಹೋಗಿ ಬಂದೀನ್ರಿ. ಅದೂ ನಿಮ್ಮ ಈ ಡಕೋಟಾ ಬಸ್ಸಿನ್ಯಾಗ!”