ಒಂದು ಗಂಟೆಯ ಊಟದ ವರದಿ

ಲೆಕ್ಕ ಬರೆದಿಡುವವರನ್ನು ಕಂಡರೆ ಜನ ಜಿಪುಣರೆಂದು ತಿಳಿಯುತ್ತಾರೆ. ನಾನು ಜಿಪುಣಳಲ್ಲ. ಬರೆದಿಡದಿದ್ದರೆ ದಿನ ಮುಗಿದಂತೆ ಅನಿಸುವುದಿಲ್ಲ, ಅಷ್ಟೆ. ಈ ಮಳೆಗಾಲದಲ್ಲಿ ಮೊದಲ ಸಲ ಚಪ್ಪಲಿ ಜಾರಿ ಬಿದ್ದ ತಾರೀಕು, ಉದ್ಯಾವರದಲ್ಲಿ ನನ್ನನ್ನು ಕಂಡೂ ಕಾಣದಂತೆ ಹೋದ ಬಸ್ಸುಗಳು, ಅಮ್ಮ ಹಿಂದಿನಿಂದ ಕೂಗಿ ಕೊಡೆಯ ವಿಚಾರ ಕೇಳಿದ ಬೆಳಗುಗಳು, ಎಲ್ಲವೂ ನನ್ನ ಡೈರಿಯಲ್ಲಿ ಐದೈದು ಗೀಟುಗಳ ಕಟ್ಟುಗಳಾಗಿ ನಿಂತಿವೆ. ಇದನ್ನು ನಮ್ಮ ಮನೆಯಲ್ಲಿ ಹುಚ್ಚು ಎನ್ನುತ್ತಾರೆ. ಸರಕಾರಿ ಕಚೇರಿಯಲ್ಲಿ ಅರ್ಹತೆ ಎನ್ನುತ್ತಾರೆ.

ಹಾಗಾಗಿಯೇ ಕಾಪು ಕಡೆಯ ನಮ್ಮ ಲೋಕೋಪಯೋಗಿ ಕಚೇರಿಯಲ್ಲಿ ಮಳೆಗಾಲಕ್ಕೆಂದು ‘ಸಿಬ್ಬಂದಿ ಕ್ಷೇಮ ಹಾಗೂ ತುರ್ತು ನೆರವು ಘಟಕ’ ಹುಟ್ಟಿದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಘಟಕವೆಂದರೆ ದೊಡ್ಡದೇನಲ್ಲ. ಕಿಟಕಿ ಪಕ್ಕದ ಒಂದು ಮೇಜು, ಒಂದು ಫೋನು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ನಾನು. ಪೆಟ್ಟಿಗೆ ತೆರೆದು ನೋಡಿದೆ. ಅರ್ಧ ಸುತ್ತು ಬ್ಯಾಂಡೇಜು, ತುಕ್ಕು ಹಿಡಿದ ಕತ್ತರಿ ಮತ್ತು ಯಾರದೋ ಬಾಚಣಿಗೆ ಇದ್ದವು. ತುರ್ತು ಪರಿಸ್ಥಿತಿಯಲ್ಲಿ ತಲೆ ಬಾಚಿಕೊಂಡಿರಬೇಕೆಂದು ಹಿಂದಿನವರಿಗೆ ಅನಿಸಿರಬೇಕು. ಬಾಚಣಿಗೆಯನ್ನು ನಾನೂ ಎಸೆಯಲಿಲ್ಲ. ದಾಸ್ತಾನಿನಲ್ಲಿ ಸೇರಿಸಿದೆ.

ಮರ ಬಿತ್ತು, ಮೋರಿ ಕಟ್ಟಿತು, ನಮ್ಮವರಲ್ಲಿ ಯಾರಿಗೋ ಪೆಟ್ಟಾಯಿತು ಎಂಬ ಕರೆಗಳಿಗಾಗಿ ಪೆನ್ಸಿಲ್ ಚೂಪು ಮಾಡಿಕೊಂಡು ಕುಳಿತೆ. ಅಂಥ ಕರೆಗಳೂ ಬಂದವು, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನವು ಮನೆಗಳಿಂದ. ನಮ್ಮ ರಸ್ತೆ ಗ್ಯಾಂಗಿನವರು ಮರ ಕಡಿಯಲು, ಚರಂಡಿ ಬಿಡಿಸಲು ಇಳಿಯುವಾಗ ಮೊಬೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೀಪಿನಲ್ಲೇ ಬಿಟ್ಟು ಹೋಗುತ್ತಾರೆ. ಮನೆಯವರು ಮತ್ತೆ ಯಾರನ್ನು ಕೇಳಬೇಕು? ಒಬ್ಬರಿಗೆ ಗಂಡ ಬೀಗದ ಕೈ ಎಲ್ಲಿಟ್ಟಿದ್ದಾನೆಂದು ತಿಳಿಯಬೇಕು. ಇನ್ನೊಬ್ಬರಿಗೆ ಬರುವಾಗ ಬಂಗುಡೆ ಮೀನು ತರಲು ಹೇಳಬೇಕು.

ಮಧ್ಯಾಹ್ನ ಒಂದು ಗಂಟೆಗೆ ತಪ್ಪದೆ ಕರೆ ಮಾಡುತ್ತಿದ್ದವರು ಎರ್ಮಾಳಿನ ಝೊಹರಕ್ಕ, ನಮ್ಮ ಜೀಪಿನ ಚಾಲಕ ಹಂಝಾಕನ ಹೆಂಡತಿ.

“ಮೇಡಂ, ನಮ್ಮವರು ಉಂಡ್ರಾ?”

ಮೊದಲ ದಿನ ಗಂಭೀರವಾಗಿ ಹೇಳಿದೆ: “ಅಕ್ಕಾ, ಇದು ತುರ್ತು ಕರೆಗೆ ಇರುವ ಫೋನು.”

“ಹೌದಲ್ವಾ, ಅದಕ್ಕೇ ಮಾಡಿದ್ದು.”

ಮೂರನೆಯ ದಿನ ಸ್ವಲ್ಪ ಗದರಿಯೇ ಕೇಳಿದೆ, ಇಷ್ಟು ದೊಡ್ಡ ಗಂಡಸು ಉಂಡರೋ ಬಿಟ್ಟರೋ ಎಂದು ಇಲಾಖೆ ನೋಡುತ್ತಾ ಕೂರಬೇಕೇ ಎಂದು. ಆ ಕಡೆ ಸ್ವರ ಇಳಿಯಿತು. “ನೀವು ಯಾರಿಗೂ ಹೇಳ್ಬಾರದು ಮೇಡಂ. ಅವರಿಗೆ ಶುಗರ್ ಉಂಟು. ಬೆಳಿಗ್ಗೆ ಮಾತ್ರೆ ನುಂಗಿ ಹೋಗ್ತಾರೆ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ರೆ ಕೈ ನಡುಗ್ತದೆ, ಕಣ್ಣು ಕತ್ತಲೆ ಬರ್ತದೆ. ಆಫೀಸಿಗೆ ಗೊತ್ತಾದ್ರೆ ಸ್ಟೇರಿಂಗ್ ಬಿಡಿಸಿ ಗೇಟಿನಲ್ಲಿ ಕೂರಿಸ್ತಾರೆ ಅಂತ ಹೆದರಿಕೆ. ಗಾಡಿ ಬಿಟ್ರೆ ಅವರು ಬದುಕಿದ ಹಾಗೆ ಅಲ್ಲ.”

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಜೀಪು ನೆನಪಾಯಿತು. ಆ ಜೀಪಿನಲ್ಲಿ ಏಳೆಂಟು ಜನ ಹೋಗಿ ಬರುತ್ತಾರೆ. ಹೇಳಿದರೆ ಒಬ್ಬನ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಅವನಿಗೂ ಉಳಿದವರಿಗೂ ಕುತ್ತು. ಡೈರಿಯವರಿಗೆ ಇಂಥ ಹೊತ್ತಿನಲ್ಲಿ ಬರುವುದು ಧೈರ್ಯವಲ್ಲ, ಯೋಜನೆ. ನಾನು ಒಂದು ಟಿಪ್ಪಣಿ ಬರೆದು ಸಾಹೇಬರ ಮುಂದೆ ಇಟ್ಟೆ: ಹೊರಗಿನ ತಂಡ ಮಧ್ಯಾಹ್ನ ಒಂದು ಗಂಟೆಗೆ ಕಡ್ಡಾಯವಾಗಿ ಊಟ ಮಾಡಿ, ಮುಗಿದ ಕೂಡಲೇ ಘಟಕಕ್ಕೆ ವರದಿ ಮಾಡತಕ್ಕದ್ದು.

ನಮ್ಮ ಇಂಜಿನಿಯರ್ ಸಾಹೇಬರು ಕನ್ನಡಕ ಏರಿಸಿದರು. “ಊಟದ ವರದಿಯಾ? ಎಂತ ಮಾರಾಯ್ತಿ ಇದು?”

“ತಂಡ ಕ್ಷೇಮವಾಗಿದೆ ಅಂತ ದಿನಕ್ಕೊಮ್ಮೆ ಖಚಿತ ಆಗ್ತದೆ ಸರ್.”

‘ಖಚಿತ’ ಎಂಬ ಶಬ್ದಕ್ಕೆ ಕಚೇರಿಗಳಲ್ಲಿ ಒಳ್ಳೆಯ ಮರ್ಯಾದೆ. ಸಹಿ ಬಿತ್ತು. ಅಂದಿನಿಂದ ದಿನಾ ಒಂದು ಗಂಟೆಗೆ ಗ್ಯಾಂಗಿನ ಮೇಸ್ತ್ರಿ ಸಂಜೀವಣ್ಣನ ಕರೆ. “ಮೇಡಂ, ಊಟ ಸುಸೂತ್ರ ಆಯ್ತು. ಇವತ್ತು ಯಾವ ಅಪಾಯವೂ ಇಲ್ಲ, ಉಪ್ಪಿನಕಾಯಿ ಮಾತ್ರ ಸ್ವಲ್ಪ ಖಾರ.” ಅವರು ನನ್ನನ್ನು ಗೇಲಿ ಮಾಡುತ್ತಿದ್ದಾರೆಂದು ಗೊತ್ತು. ಮಾಡಲಿ. ಅವರ ಕರೆ ಮುಗಿದ ಕೂಡಲೇ ಝೊಹರಕ್ಕನ ಕರೆ, “ಉಂಡ್ರು ಅಕ್ಕಾ” ಎಂಬ ನನ್ನ ಉತ್ತರ, “ದೇವರು ನಿಮ್ಮನ್ನು ಚೆನ್ನಾಗಿ ಇಡ್ಲಿ” ಎಂಬ ಅವರ ಹಾರೈಕೆ. ಆಮೇಲೆ ಬೀಗದ ಕೈಯವರು, ಬಂಗುಡೆಯವರು. ಒಬ್ಬ ಮನುಷ್ಯನ ಅನ್ನಕ್ಕಾಗಿ ಇಡೀ ಗ್ಯಾಂಗನ್ನು ಹೊತ್ತಿಗೆ ಸರಿಯಾಗಿ ಉಣ್ಣಿಸುತ್ತಿರುವ ನನ್ನ ಜಾಣತನಕ್ಕೆ ನಾನೇ ಬೀಗಿದೆ. ಡೈರಿಯಲ್ಲಿ ಆ ಪುಟಕ್ಕೆ ಕೆಂಪು ಶಾಯಿ ಬಳಸಿದ್ದೇನೆ.

ಹೀಗಿರುವಾಗ ಒಂದು ಗಾಳಿಯ ದಿನ ಕಾರ್ಕಳದ ಕಡೆ ಜನ ಸಾಲದೆ ನಮ್ಮ ಗ್ಯಾಂಗನ್ನೇ ಕುಕ್ಕುಂದೂರಿಗೆ ಕರೆಸಿಕೊಂಡರು. ದೊಡ್ಡ ಗೋಳಿಮರ ರಸ್ತೆಗೆ ಅಡ್ಡ ಬಿದ್ದಿತ್ತು. ಸಾಹೇಬರೂ ಜೊತೆಗೆ ಹೋದರು. ಒಂದು ಗಂಟೆಯಾಯಿತು. ವರದಿ ಇಲ್ಲ. ಒಂದೂವರೆಯಾಯಿತು. ಝೊಹರಕ್ಕನ ಕರೆ ಬಂತು, ಮತ್ತೆ ಬಂತು. ಮೂರನೆಯ ಸಲವೂ ಬಂದ ಮೇಲೆ ನಾನು ಸಾಹೇಬರಿಗೆ ಫೋನು ಮಾಡಿದೆ.

“ಸರ್, ಊಟ?”

“ಎಂತ ಊಟ! ಇಲ್ಲಿ ಮರ ರಸ್ತೆಯಲ್ಲಿ ಮಲಗಿದೆ, ಎರಡೂ ಕಡೆ ಬಸ್ಸು ನಿಂತಿದೆ. ಮರ ತೆಗ್ದು ಊಟ.”

“ಸರ್, ಹಂಝಾಕನನ್ನು ಸ್ವಲ್ಪ ನೋಡಿ. ಬೆವರ್ತಿದ್ದಾರಾ?”

“ಈ ಮಳೆಯಲ್ಲಿ ಬೆವರು ಯಾವುದು, ನೀರು ಯಾವುದು ಅಂತ ಹೇಗೆ ಗೊತ್ತಾಗ್ತದೆ? ಜೀಪಿಗೆ ಹಗ್ಗ ಕಟ್ಟಿ ಮರ ಎಳೀಲಿಕ್ಕೆ ಹೊರಟಿದ್ದಾರೆ.”

ಮಾತು ಕೊಟ್ಟವಳು ನಾನು, ಮುರಿದವಳೂ ನಾನೇ. “ಅವರು ಗಾಡಿ ಸ್ಟಾರ್ಟ್ ಮಾಡ್ಬಾರದು ಸರ್. ಅವರಿಗೆ ಶುಗರ್ ಉಂಟು, ಹೊಟ್ಟೆಗೆ ಏನೂ ಬಿದ್ದಿಲ್ಲ” ಎಂದುಬಿಟ್ಟೆ. ಫೋನು ಕೈಯಲ್ಲಿ ಹಿಡಿದೇ ಸಾಹೇಬರು ಓಡಿದ್ದು ಕೇಳಿಸಿತು. ಕೆಸರಿನ ಪಚಕ್ ಪಚಕ್, ಆಮೇಲೆ ಅವರ ಕೂಗು: “ಹಂಝಾಕ, ಇಳೀರಿ ಕೆಳಗೆ!” ಅದರ ಹಿಂದೆಯೇ ಸಂಜೀವಣ್ಣನ ಶಾಂತ ಸ್ವರ. “ಇಳಿಸಿ ಆಯ್ತು ಸರ್. ಆಗಲೇ ಬೆಲ್ಲ ತಿನ್ನಿಸಿದ್ದೇನೆ. ಇನ್ನೊಂದು ಗಳಿಗೆಯಲ್ಲಿ ಸರಿ ಆಗ್ತಾರೆ. ನೀವು ಬುತ್ತಿ ಬಿಚ್ಚಲಿಕ್ಕೆ ಹೇಳಿ.”

ಸಂಜೀವಣ್ಣನ ಅಂಗಿಯ ಜೇಬಿನಲ್ಲಿ ಬೆಲ್ಲದ ಪೊಟ್ಟಣ ಯಾವಾಗಲೂ ಇರುತ್ತದಂತೆ. ಗ್ಯಾಂಗಿನಲ್ಲಿ ಎಲ್ಲರಿಗೂ ಹಂಝಾಕನ ವಿಷಯ ಮೊದಲೇ ಗೊತ್ತು. ಅವರು ನಾಚಿಕೊಳ್ಳುತ್ತಾರೆಂದು ಯಾರೂ ಆಡಿಲ್ಲ ಅಷ್ಟೆ. ನನ್ನ ಘಟಕ ಹುಟ್ಟುವ ಮೊದಲೇ ಅಲ್ಲೊಂದು ಘಟಕ ಟಿಪ್ಪಣಿಯಿಲ್ಲದೆ, ಸಹಿಯಿಲ್ಲದೆ ನಡೆಯುತ್ತಿತ್ತು.

ಆ ಸಂಜೆ ಹಂಝಾಕ ನನ್ನ ಮೇಜಿನ ಮುಂದೆ ಬಂದು ನಿಂತರು. ಬೈಯುತ್ತಾರೆಂದು ಕಾದೆ. ಅವರು ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟು, “ಸಾಹೇಬರಿಗೆ ಕೊಟ್ಟುಬಿಡಿ ಮಗಳೇ. ಅವರು ಕೇಳುವ ಮೊದಲು ನಾನೇ ಕೊಟ್ಟ ಹಾಗೆ ಇರ್ಲಿ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಕೀಲಿ ಸಾಹೇಬರ ಡ್ರಾಯರಿಗೆ ಹೋಯಿತು. ಆ ವಾರವೇ ಅವರು ಮಣಿಪಾಲದಿಂದ ಒಬ್ಬ ಡಾಕ್ಟರನ್ನು ಕರೆಸಿ ಎಲ್ಲ ಸಿಬ್ಬಂದಿಗೂ ತಪಾಸಣೆ ಮಾಡಿಸಿದರು. ಒಬ್ಬರನ್ನೇ ನಿಲ್ಲಿಸಿದರೆ ಬೊಟ್ಟು ತೋರಿಸಿದಂತಾಗುತ್ತದೆಂದು ಮೊದಲು ತಾವೇ ತೋಳು ಚಾಚಿದರು. ಹಂಝಾಕ ಕೊನೆಯ ಬೆಂಚಿನಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗನಂತೆ ಕುಳಿತಿದ್ದರು. ಡಾಕ್ಟರು ರಕ್ತದ ವರದಿ ನೋಡಿದರು, ಕಣ್ಣು ಪರೀಕ್ಷಿಸಿದರು, ಮಾತ್ರೆ ಬದಲಾಯಿಸಿ ಬರೆದರು. ಮುಂದಿನ ವಾರ ಮತ್ತೊಮ್ಮೆ ನೋಡಿದ ಮೇಲೆ ಹೇಳಿದರು: “ಗಾಡಿ ಓಡಿಸಬಹುದು. ಹೊತ್ತಿಗೆ ಸರಿಯಾಗಿ ಊಟ, ತಿಂಗಳಿಗೊಮ್ಮೆ ತಪಾಸಣೆ, ಮುಚ್ಚಿಡುವುದು ಬೇಡ. ಅದು ಬಿಟ್ಟರೆ ತೊಂದರೆಯಿಲ್ಲ.” ಸಾಹೇಬರು ಡ್ರಾಯರು ತೆರೆದರು. ಹಂಝಾಕ ಕೀಲಿ ತೆಗೆದುಕೊಂಡು ಯಾರ ಮುಖವನ್ನೂ ನೋಡದೆ ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಅಂಗಳದಲ್ಲಿ ಜೀಪು ಸ್ಟಾರ್ಟ್ ಆಯಿತು. ಎಲ್ಲಿಗೂ ಹೋಗಲಿಲ್ಲ. ನಿಂತಲ್ಲೇ ಗುರುಗುಟ್ಟುತ್ತಿತ್ತು.

“ಡೀಸೆಲ್ ಖರ್ಚಾಗ್ತದೆ” ಎಂದರು ಸಾಹೇಬರು. ಆದರೆ ನಿಲ್ಲಿಸಲು ಯಾರನ್ನೂ ಕಳಿಸಲಿಲ್ಲ.

ಇಡೀ ತಪಾಸಣೆಯಲ್ಲಿ ಎಚ್ಚರಿಕೆಯ ಚೀಟಿ ಪಡೆದವರು ಇನ್ನೊಬ್ಬರೇ. ಡಾಕ್ಟರು ನನ್ನ ಕಣ್ಣ ರೆಪ್ಪೆ ಎಳೆದು ನೋಡಿ, “ರಕ್ತ ಕಡಿಮೆ ಇದೆಯಲ್ಲ, ಮಧ್ಯಾಹ್ನ ಎಷ್ಟು ಹೊತ್ತಿಗೆ ಊಟ?” ಎಂದರು. ಒಂದರಿಂದ ಮೂರರವರೆಗೆ ನಾನು ಫೋನಿನಲ್ಲಿರುತ್ತೇನೆ. ಆಮೇಲೆ ಹಸಿವೆಯೇ ಸತ್ತಿರುತ್ತದೆ. ನನ್ನ ಬುತ್ತಿ ದಿನಾ ಉದ್ಯಾವರದಿಂದ ಬಂದು ಹಾಗೆಯೇ ವಾಪಸು ಉದ್ಯಾವರಕ್ಕೆ ಹೋಗುತ್ತದೆ. ಜಗತ್ತಿನ ಎಲ್ಲ ಲೆಕ್ಕವಿದ್ದ ನನ್ನ ಡೈರಿಯಲ್ಲಿ ಇದೊಂದಕ್ಕೆ ಗೀಟೇ ಬಿದ್ದಿಲ್ಲ. ಗ್ಯಾಂಗಿನವರೆಲ್ಲ ಗೋಡೆಗೆ ಒರಗಿ ನಗುವುದನ್ನು ತಡೆಯುತ್ತಿದ್ದರು. ಸಂಜೀವಣ್ಣ ಮಾತ್ರ ತಡೆಯಲಿಲ್ಲ.

ತಪಾಸಣೆಯ ಮರುದಿನ ಒಂದು ಗಂಟೆಗೆ ಝೊಹರಕ್ಕನ ಕರೆ ಬಂತು. ನಾನು ವಾಡಿಕೆಯಂತೆ, “ಹಂಝಾಕ ಉಂಡ್ರು ಅಕ್ಕಾ” ಎಂದೆ.

“ಅವರದ್ದು ಯಾರು ಕೇಳಿದ್ದು? ನೀನು ಉಂಡ್ಯಾ?”

ನನ್ನ ಚೀಟಿಯ ಸುದ್ದಿ ಹಂಝಾಕನ ಜೊತೆ ಎರ್ಮಾಳಿಗೆ ಹೋಗಿತ್ತು; ಮೇಡಂ ಹೋಗಿ ‘ನೀನು’ ಆಗಿದ್ದೆ. “ಆಯ್ತು” ಎಂದೆ.

“ಎಂತ ಪದಾರ್ಥ ಇತ್ತು?”

ಬೆಳಿಗ್ಗೆ ಅಮ್ಮ ಡಬ್ಬಿಗೆ ಏನು ಹಾಕಿದ್ದಾರೆಂದು ನಾನು ನೋಡಿಯೇ ಇರಲಿಲ್ಲ. ‘ವಿಷಯ ಪರಿಶೀಲನೆಯಲ್ಲಿದೆ’ ಎಂಬ ಇಲಾಖೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂತು. ಆದರೆ ಎರ್ಮಾಳಿನ ಆ ಹೆಂಗಸು ಫೋನು ಇಡುವ ಲಕ್ಷಣ ಕಾಣಲಿಲ್ಲ. ನನ್ನ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿದ ಮೇಲೆಯೇ ಅವರು ಇಟ್ಟದ್ದು.