ಹೆಡ್ಮಾಸ್ತರರ ಮೊದಲ ತುತ್ತು

ಆ ಬಸ್ಸಿನ ಟೈರು ಪಂಕ್ಚರ್ ಆಗದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ನಮ್ಮ ಪ್ರಾಥಮಿಕ ಶಾಲೆಗೆ ಬಂದು, ಮೇಷ್ಟ್ರುಗಳ ಹೊಟ್ಟೆ ಪರೀಕ್ಷೆ ಮಾಡಿ ಹೋಗಬೇಕಿದ್ದ ಎಕ್ಸ್‌ರೇ ಬಸ್ಸದು. ಸಕಾತಾ ರಸ್ತೆಯಲ್ಲಿ ನಿಂತುಬಿಟ್ಟಿತು. ಹನ್ನೆರಡಕ್ಕೆ ಬರುತ್ತೇವೆ, ಅಲ್ಲಿಯವರೆಗೆ ಯಾರೂ ಏನೂ ತಿನ್ನಬೇಡಿ ಎಂದು ಫೋನು ಬಂತು.

ಎಲ್ಲರ ಮುಖ ಜೋಲುಬಿತ್ತು, ಹೆಡ್ಮಾಸ್ತರು ಮೊಗಾಮಿಯವರದು ಮಾತ್ರ ಅರಳಿತು. ಐವತ್ತೇಳರ ಈ ಮನುಷ್ಯ ಭೂಕಂಪಕ್ಕೆ ಹೆದರಿದವರಲ್ಲ, ತಾಯಂದಿರ ಸಭೆಗೂ ಹೆದರಿದವರಲ್ಲ. ಹೆದರುತ್ತಿದ್ದುದು ಬೇರಿಯಂಗೆ. ಹೊಟ್ಟೆ ಎಕ್ಸ್‌ರೇಯಲ್ಲಿ ಕಾಣಲೆಂದು ಸುಣ್ಣ ಕಲಸಿದಂಥ ಆ ದ್ರಾವಣವನ್ನು ಗಟಗಟ ಕುಡಿಯಬೇಕು, ತೇಗು ಬಂದರೆ ನುಂಗಿಕೊಳ್ಳಬೇಕು, ಮಲಗಿದ ಮೇಜು ತಿರುಗಿದ ಕಡೆಗೆಲ್ಲ ತಲೆಕೆಳಗಾಗಿ ತಿರುಗಬೇಕು. ಎರಡು ವರ್ಷದ ಹಿಂದೆ ಜ್ವರ ಎಂದು ತಪ್ಪಿಸಿಕೊಂಡರು, ಹೋದ ವರ್ಷ ಅತ್ತೆಯ ತಿಥಿ ಎಂದರು. ಈ ಸಲ ಶಿಕ್ಷಣ ಮಂಡಳಿಯಿಂದಲೇ ಕಾಗದ ಬಂದಿತ್ತು, ಇನ್ನು ನೆಪ ನಡೆಯದು ಎಂದು.

ಆದರೆ ಹನ್ನೊಂದೂವರೆಗೆ ಇನ್ನೊಂದು ಕೆಲಸವಿತ್ತು. ನಿಯಮದಂತೆ ದಿನವೂ ಮಕ್ಕಳ ಊಟವನ್ನು ಮೊದಲು ಹೆಡ್ಮಾಸ್ತರು ತಿಂದು ನೋಡಬೇಕು. ಅರ್ಧ ಗಂಟೆ ಕಳೆದರೂ ಅವರು ನೆಟ್ಟಗೆ ನಿಂತಿದ್ದರೆ ಆಮೇಲೆ ಬಡಿಸುವುದು. ಮಕ್ಕಳಿಗೆ ಏನಾದರೂ ಆದರೆ ಹೊಣೆ ಅವರದೇ. ಅಂದರೆ ಬಸ್ಸು ಬರುವ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಊಟ ಇರುತ್ತದೆ, ಹೊಟ್ಟೆಯಲ್ಲಿ ಊಟ ಇದ್ದವರಿಗೆ ಬೇರಿಯಂ ಇಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಸ್ಟಾಫ್ ರೂಮಿನವರು ಸುಮ್ಮನಿರಬೇಕಲ್ಲ. ಹನ್ನೊಂದು ಜನ ತಮ್ಮ ಹಸಿವು ಮರೆತು, ಪಾಪ ಸಾರ್ ಪರೀಕ್ಷೆ ತಪ್ಪೀತಲ್ಲ ಎಂದು ಅವರ ಹೊಟ್ಟೆಯ ಚಿಂತೆಗೆ ಬಿದ್ದರು. ಅಗಿದು ಉಗುಳಿಬಿಡಿ ಎಂದರು ಶಾಲೆಯ ನರ್ಸಮ್ಮ. ಮೂಸಿ ನೋಡಿದರೆ ಸಾಲದೇ ಎಂದರು ಆರನೇ ತರಗತಿಯ ಮೇಷ್ಟ್ರು. ಉಪ ಮುಖ್ಯೋಪಾಧ್ಯಾಯಿನಿ ಉಗಾಜಿನ್ ಮೇಡಂ ಅಂತೂ ಎದುರಿಗೇ ಬಂದು ನಿಂತರು.

"ನಾನು ತಿಂತೀನಿ ಬಿಡಿ ಸಾರ್. ನಿಮ್ಮ ಬದಲು ನಾನು ತಿನ್ನಬಹುದು ಅಂತ ರೂಲ್ಸಲ್ಲೇ ಇದೆ. ನನ್ನ ಪರೀಕ್ಷೆ ಹೋದ್ರೆ ಹೋಗ್ಲಿ, ನಿಮಗಿದು ಮೂರನೇ ವರ್ಷ."

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತೆಂದು ಮೊಗಾಮಿಯವರು ಕೈ ಅಡ್ಡ ಹಿಡಿದರು.

"ಇನ್ನೂರ ಹನ್ನೆರಡು ಮಕ್ಕಳ ಹೊಣೆ ನನ್ನ ತಲೆ ಮೇಲಿದೆ ಮೇಡಂ. ನನ್ನ ಹೊಟ್ಟೆ ಉಳಿಸ್ಕೊಳ್ಳೋಕೆ ನಿಮ್ಮ ಹೊಟ್ಟೆ ಮುಂದೆ ಮಾಡ್ಲಾ? ಅದು ಆಗದ ಮಾತು."

ನರ್ಸಮ್ಮ ಕಣ್ಣೊರೆಸಿಕೊಂಡರು.

ಅಡುಗೆಯ ತೊಮಿಯೆಯವರು ತಟ್ಟೆ ತಂದಿಟ್ಟರು. ಹಂದಿಮಾಂಸದ ಕರ್ರಿ, ಬಿಸಿ ಅನ್ನ, ಹಾಲು. ಒಂದೇ ಚಮಚ ತಿನ್ನಿ ಸಾರ್, ಬಸ್ಸಿನವರಿಗೆ ಗೊತ್ತಾಗಲ್ಲ ಎಂದು ಪಿಸುಗುಟ್ಟಿದರು. ಒಂದು ಚಮಚದಲ್ಲಿ ಆಲೂಗಡ್ಡೆ ಬೆಂದದ್ದು ಹೇಗೆ ಗೊತ್ತಾಗುತ್ತೆ ಎಂದು ಗದರಿ, ಹೆಡ್ಮಾಸ್ತರು ತಟ್ಟೆ ಬಳಿದು ಉಂಡರು, ಮತ್ತೊಂದು ಸೌಟು ಹಾಕಿಸಿಕೊಂಡರು. ರುಚಿ ಉತ್ತಮ, ವಾಸನೆ ಸರಿ ಎಂದು ಪುಸ್ತಕದಲ್ಲಿ ಬರೆದು ಮೊಹರು ಒತ್ತಿದರು. ಬದುಕಿದೆಯಾ ಬಡಜೀವವೇ ಎಂದು ಕುರ್ಚಿಗೆ ಒರಗಿದರು.

ಹನ್ನೆರಡಕ್ಕೆ ಮಕ್ಕಳಿಗೆ ಬಡಿಸಿದ್ದಾಯಿತು, ಬಸ್ಸೂ ಬಂತು. ಅದರಿಂದ ಇಳಿದ ಅಧಿಕಾರಿ ಸೊಂಟ ಮುರಿಯುವಷ್ಟು ಬಾಗಿ ಕ್ಷಮೆ ಕೇಳಿದ. ದಾರಿಯ ಕುಲುಕಾಟಕ್ಕೆ ಯಂತ್ರವೇ ಕೆಟ್ಟಿತ್ತಂತೆ. ತಪ್ಪು ಬಸ್ಸಿನವರದಾದ್ದರಿಂದ, ಇಷ್ಟು ಹೊತ್ತು ಉಪವಾಸವಿದ್ದವರನ್ನೆಲ್ಲ ಈ ವರ್ಷ ಪರೀಕ್ಷೆ ಇಲ್ಲದೆಯೇ ಹಾಜರು ಎಂದು ಬರೆದುಕೊಳ್ಳಲು ಮಂಡಳಿ ಒಪ್ಪಿದೆಯಂತೆ. ಸ್ಟಾಫ್ ರೂಮಿನವರಿಗೆ ಹೋದ ಜೀವ ಬಂದಂತಾಯಿತು, ಮೇಡಂ ಒಬ್ಬರನ್ನು ಬಿಟ್ಟು ಎಲ್ಲರೂ ಕರ್ರಿಯ ಕಡೆ ಓಡಿದರು.

"ಊಟ ಮಾಡಿದೋರು ಯಾರಾದ್ರೂ ಇದ್ದಾರಾ?" ಎಂದು ಅಧಿಕಾರಿ ಕೇಳಿದ.

"ನಮ್ಮ ಸಾರ್ ಒಬ್ರೇ," ಎಂದರು ಉಗಾಜಿನ್ ಮೇಡಂ, ಹೆಮ್ಮೆಯಿಂದ.

ಹಾಗಾದರೆ ಅವರು ಗೈರುಹಾಜರು. ಮೂರನೇ ವರ್ಷವೂ ಗೈರಾದವರಿಗೆ ಬೇರಿಯಂ ಇಲ್ಲ, ನಾಳೆ ಹತ್ತು ಗಂಟೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಟಲಿನಿಂದ ಹೊಟ್ಟೆಗೆ ಕ್ಯಾಮೆರಾ ಇಳಿಸುತ್ತಾರೆ ಎಂದು ಅಧಿಕಾರಿ ಚೀಟಿ ಹರಿದು ಕೊಟ್ಟ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಾಳೆ ಹನ್ನೊಂದೂವರೆಗೆ ನಾನಿಲ್ಲದಿದ್ದರೆ ಮಕ್ಕಳ ಊಟದ ಗತಿ ಏನು ಎಂದು ಮೊಗಾಮಿಯವರು ಕ್ಷೀಣವಾಗಿ ಕೇಳಿದರು.

"ಅದನ್ನೂ ಬೆಳಿಗ್ಗೆಯೇ ಮಂಡಳಿಗೆ ಫೋನ್ ಮಾಡಿ ವಿಚಾರಿಸಿದ್ದೀನಿ ಸಾರ್. ಹೆಡ್ಮಾಸ್ಟ್ರು ಹೊರಗೆ ಹೋದ್ರೆ ನಾನು ತಿನ್ನಲೇಬೇಕಂತೆ," ಎಂದರು ಮೇಡಂ. "ನೀವು ನಿಶ್ಚಿಂತೆಯಿಂದ ಬಾಯಿ ತೆರೀರಿ."