ಕುಂಯ್‌ಗುಟ್ಟಿದ ಸೊಂಟಪಟ್ಟಿ

ಹಿರೇಕೆರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಮೃತ್ಯುಂಜಯನಿಗೆ ತನ್ನ ಸೊಂಟದ ಮೇಲೆ ಅಪಾರ ಅಭಿಮಾನ. ಭೂಮಂಡಲದ ಸಕಲ ನೋವೂ ಅಲ್ಲೇ ಬೀಡುಬಿಟ್ಟಿದೆ ಎಂದು ಅವನ ನಂಬಿಕೆ. ಹಾಗಾಗಿ ಹೆಂಡತಿ ಶೈಲಶ್ರೀ, "ನೆಲಕ್ಕ ಕುಂತು ರೊಟ್ಟಿ ಬಡದು ಬಡದು ಸೊಂಟ ಹೋತ್ರಿ. ನಿಂತು ಮಾಡಾಕ ಒಂದು ಕಟ್ಟಿ ಕಟ್ಟಿಸ್ರಿ" ಎಂದಾಗ ಅವನಿಗೆ ಅವಮಾನವೇ ಆಯಿತು.

"ಒಂದ್ ತಾಸು ರೊಟ್ಟಿ ಬಡಿಯೋ ನಿನಗ ಸೊಂಟನೋವ? ದಿನಾಪೂರ್ತಿ ಗಾದಿ ಮ್ಯಾಲ ಕುಂದ್ರೋ ನನ್ನ ಗತಿ ಏನು? ಮೊದಲ ನನಗೊಂದು ತಿರುಗೋ ಕುರ್ಚಿ ಬರಬೇಕು!"

ಈ ಮಹಾವ್ಯಾಜ್ಯದ ನಡುವೆ ಬಂದಿಳಿದವಳು ಶೈಲಶ್ರೀಯ ತಂಗಿಯ ಮಗಳು ಅಂಕಿತಾ. ಫಿಜಿಯೋಥೆರಪಿ ಓದುವ ಅವಳ ಚೀಲದಲ್ಲಿ ಎರಡು ಸೊಂಟಪಟ್ಟಿಗಳಿದ್ದವು. ದಿನನಿತ್ಯದ ಕೆಲಸದಲ್ಲಿ ಬೆನ್ನು ಎಷ್ಟು ಬಾಗುತ್ತದೆಂದು ಅವು ಅಳೆಯುತ್ತವೆ. ಮಿತಿಮೀರಿ ಬಾಗಿದರೆ ಕುಂಯ್ ಎನ್ನುತ್ತವೆ. ಇಬ್ಬರೂ ಒಂದು ದಿನ ಕಟ್ಟಿಕೊಳ್ಳುವುದು, ಯಾರ ಪಟ್ಟಿ ಹೆಚ್ಚು ಕೂಗುತ್ತದೋ ಅವರ ಬೇಡಿಕೆ ಪಾಸು ಎಂದು ಒಪ್ಪಂದವಾಯಿತು.

ಬೆಳಿಗ್ಗೆ ರೊಟ್ಟಿಗೆ ಕೂತ ಶೈಲಶ್ರೀಯ ಪಟ್ಟಿ ಒಂದೇ ಸಮನೆ ಕುಂಯ್‌ಗುಟ್ಟಿತು. ಅಂಗಡಿಯಲ್ಲಿ ಮೃತ್ಯುಂಜಯನದು ಮಾತ್ರ ತುಟಿ ಬಿಚ್ಚಲಿಲ್ಲ. ಲೋಡಿಗೆ ಒರಗಿ ಕೂತವನ ಬೆನ್ನು ಬಾಗುವುದಾದರೂ ಯಾಕೆ? (ಚೀಲ ಎತ್ತಲು ಆಳು ಗುದ್ಲೆಪ್ಪ ಇದ್ದಾನೆ. ಬಿದ್ದ ಪೆನ್ನು ಎತ್ತಿಕೊಡುವವನೂ ಅವನೇ.) ಮಧ್ಯಾಹ್ನದ ಹೊತ್ತಿಗೆ ಮೃತ್ಯುಂಜಯನಿಗೆ ಗಾಬರಿ ಹತ್ತಿತು. ಕುರ್ಚಿ ಕೈತಪ್ಪುತ್ತಿದೆ!

ಅಂಗಡಿಯನ್ನು ಗುದ್ಲೆಪ್ಪನಿಗೆ ಒಪ್ಪಿಸಿ ಮನೆಗೆ ಧಾವಿಸಿದವನೇ ಕಸಬರಿಗೆ ಹಿಡಿದ. ಪಟ್ಟಿ ಕುಂಯ್ ಎಂದಿತು. ಆಹಾ! ಪಡಸಾಲೆ ಗುಡಿಸಿದ, ಅಂಗಳ ಗುಡಿಸಿದ, ಹಿತ್ತಲಲ್ಲಿ ಬಗ್ಗಿ ಬಟ್ಟೆ ಒಗೆದ.

"ಏನ್ ನಡಸೀರಿ ಇದು?" ಎಂದಳು ಶೈಲಶ್ರೀ.

"ನೀ ಸುಮ್ನ ಕುಂದ್ರು. ಒಟ್ಟ ಬಾಗಬ್ಯಾಡ!"

ಮದುವೆಯಾದಾಗಿನಿಂದ ಇಂಥ ಮಾತು ಕೇಳಿರದ ಶೈಲಶ್ರೀ ಪತಿಯಾಜ್ಞೆಯನ್ನು ಶಿರಸಾವಹಿಸಿದಳು. ಚಹಾ ಹಿಡಿದು ಜೋಕಾಲಿಯಲ್ಲಿ ಕೂತು, "ಮೂಲ್ಯಾಗ ಇನ್ನೊಂಚೂರು ಕಸ ಐತ್ರಿ" ಎಂದು ಸಹಕರಿಸಿದಳು. ಸಂಜೆ ರೊಟ್ಟಿಗೂ ಅವನೇ ಕೂತ. ಒಂದು ರೊಟ್ಟಿ ಹಾನಗಲ್ ತಾಲೂಕಿನ ನಕಾಶೆಯಂತೆ ಬಂತು, ಇನ್ನೊಂದು ಸವಣೂರಿನಂತೆ. ಪಟ್ಟಿಯಂತೂ ಬಾಯಿ ಮುಚ್ಚಲಿಲ್ಲ.

ಅಂಕಿತಾ ಮೊಬೈಲಿನಲ್ಲಿ ಲೆಕ್ಕ ನೋಡಿದಳು. "ದೊಡ್ಡಪ್ಪ, ನೀವ ಗೆದ್ರಿ!"

ಮೃತ್ಯುಂಜಯ ಎದೆಯುಬ್ಬಿಸಿ ಏಳಲು ಹೋದ. ಎದೆ ಉಬ್ಬಿತು, ಸೊಂಟ ಏಳಲಿಲ್ಲ.

"ಆದ್ರ, ಯಾವ ಹೊತ್ತಿನ್ಯಾಗ ಕೂಗೇತಿ ಅನ್ನೋದೂ ಇದ್ರಾಗ ಬರ್ತೈತ್ರಿ. ಅಂಗಡ್ಯಾಗ ಒಮ್ಮಿನೂ ಕೂಗಿಲ್ಲ. ಎಲ್ಲಾ ಮನಿಗೆಲಸದಾಗ. ರೊಟ್ಟಿ ಬಡಿಯೋ ಮುಂದಂತೂ ಉಸಿರ ತಗೊಳ್ಳಾಕೂ ನಿಂತಿಲ್ಲ."

ಶೈಲಶ್ರೀ ನಗಲಿಲ್ಲ. ಇಷ್ಟು ದಿನದ ತನ್ನ ನೋವಿಗೆ ಕಡೆಗೂ ಒಂದು ಸಾಕ್ಷಿ ಸಿಕ್ಕಿತೆಂದು ಅವಳ ಕಣ್ಣು ತುಸು ಒದ್ದೆಯಾಯಿತು. ಅದನ್ನು ಕಂಡು ಮೃತ್ಯುಂಜಯನಿಗೆ ನಿಜಕ್ಕೂ ನಾಚಿಕೆಯಾಯಿತು.

"ಕಟ್ಟೀನ ಕಟ್ಟಿಸೂಣು ಬಿಡು" ಎಂದ, ಕೂತಲ್ಲಿಂದಲೇ.

ಮರುದಿನ ಗೌಂಡಿ ಖಲಂದರ ಟೇಪು ಹಿಡಿದು ಬಂದ. "ಯಾರ ಎತ್ತರಕ್ಕ ಕಟ್ಟೂಣ್ರಿ ಅಕ್ಕಾರ?"

"ಇಬ್ಬರಿಗೂ ಹೊಂದೂ ಹಂಗ ಕಟ್ರಿ. ನನ್ನ ಅಳತಿ ತಗೋರಿ, ಇವರದೂ ತಗೋರಿ. ಇವತ್ತಿನಿಂದ ಸಂಜೀ ರೊಟ್ಟಿ ಇವರದ."

ಖಲಂದರ ಮೃತ್ಯುಂಜಯನ ಪಕ್ಕದಲ್ಲಿ ಟೇಪು ಇಳಿಬಿಟ್ಟು ಕಾದ. ಮತ್ತೂ ಕಾದ.

"ಸಾವಕಾರ್ರ, ಒಂಚೂರು ನೆಟ್ಟಗ ನಿಂದರ್ರಿ."

"ನೆಟ್ಟಗ ನಿಂತೇನಪಾ" ಎಂದ ಮೃತ್ಯುಂಜಯ, ನೆಲವನ್ನೇ ನೋಡುತ್ತಾ.